ಮೊದಲು ಕಾಯಬೇಕಾದ ಜಾಗ

ನಮ್ಮ ಮಾವನವರ ಹೊಲದ ಕೆಳಗಿನ ತುದಿಯಲ್ಲಿ ಬಹಳ ವರ್ಷ ಏನೂ ಬೆಳೆಯುತ್ತಿರಲಿಲ್ಲ. ತುಕ್ಕಾನಟ್ಟಿಯ ಸುತ್ತ ಕಾಲುವೆ ನೀರು ಬಂದ ಮೇಲೆ ಮೇಲಿನ ಹೊಲಗಳಲ್ಲೆಲ್ಲ ಕಬ್ಬು ನಿಂತಿತು. ಆ ಹೊಲಗಳಲ್ಲಿ ಹೆಚ್ಚಾದ ನೀರು ಮಣ್ಣೊಳಗೇ ಇಳಿದು ಬಂದು ನಮ್ಮ ತಗ್ಗಿನಲ್ಲಿ ಸೇರಿಕೊಂಡಿತು. ಬಿಸಿಲಿಗೆ ನೀರು ಆರಿದರೆ ನೆಲದ ಮೇಲೆ ಉಪ್ಪು ಬೆಳ್ಳಗೆ ಏಳುತ್ತಿತ್ತು. ಇಂಥ ಹೊಲಕ್ಕೆ ನಮ್ಮ ಕಡೆ ಸವಳು ಎನ್ನುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯವರು ಹೊಲ ತೋರಿಸುತ್ತ ಆ ತುದಿಯತ್ತ ಕೈ ಮಾಡಿ, "ಅಲ್ಲಿ ಹೋಗಬ್ಯಾಡವ್ವಾ, ಕಾಲು ಹುಗೀತಾವ" ಎಂದಷ್ಟೇ ಹೇಳಿದ್ದರು. ಆ ಕಡೆಯೇ ನಾನು ಹೆಚ್ಚು ಹೋದೆ. ಮೊಣಕಾಲುದ್ದ ಕೆಸರಿನಲ್ಲಿ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು, ಅವುಗಳ ಬದಿಗೆ ಉಲ್ಲಂಕಿ ಎಂಬ ಪುಟ್ಟ ನೀರಹಕ್ಕಿಗಳು, ಚಳಿಗಾಲದಲ್ಲಿ ಒಂದೊಂದು ದಿನ ಬಾತುಗಳು. ಊರಿಗೆ ಅದು ಹಾಳು ಹೊಲ. ನನಗೆ ಮಾತ್ರ ಅತ್ತೆಮನೆಯಲ್ಲಿ ಹೊತ್ತು ಕಳೆಯಲು ಸಿಕ್ಕ ಒಳ್ಳೆಯ ಜಾಗ.

ನಾನು ಹುಟ್ಟಿದ್ದು ಹುಕ್ಕೇರಿಯಲ್ಲಿ. ಗೋಕಾಕದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಗಂಡನ ಊರು ತುಕ್ಕಾನಟ್ಟಿ ಮೂಡಲಗಿ ತಾಲ್ಲೂಕಿನದು. ಹೀಗಾಗಿ ಕೆಲವು ವರ್ಷಗಳ ಹಿಂದೆ ಹಕ್ಕಿಗಳ ವಿಷಯಕ್ಕೆ ಅರಣ್ಯ ಇಲಾಖೆಯವರು ಒಂದು ಸಭೆ ಕರೆದಾಗ, ಸಭೆ ನಡೆಸುತ್ತಿದ್ದ ಅಧಿಕಾರಿ ನನ್ನ ವಿವರ ಕೇಳಿ ನಕ್ಕರು. "ಮೂರೂ ತಾಲ್ಲೂಕು ನಿಮ್ಮ ಮನಿನೇ ಆದಂಗಾತಲ್ರಿ ಮೇಡಂ. ಹಂಗಾರ ಈ ಕೆಲಸ ನಿಮಗ."

ಕೆಲಸ ಕೇಳಲು ಸುಲಭವಾಗಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಸೇರಿದ ನಮ್ಮ ಭಾಗದಲ್ಲಿ ಹಕ್ಕಿಗಳಿಗಾಗಿ ಕಾಯಬೇಕಾದ ಜಾಗಗಳನ್ನು ಒಂದು ವರ್ಷ ಓಡಾಡಿ ನೋಡಿ, ಅವುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು ಎಂದು ಹೇಳುವುದು. "ಎಲ್ಲಾ ಜಾಗಾ ಬರಕೊಂಡು ಬಂದು ನನ್ನ ಟೇಬಲ್ ಮ್ಯಾಲ ಇಡಬ್ಯಾಡ್ರಿ," ಎಂದರು ಅಧಿಕಾರಿ. "ಸದ್ಯಕ್ಕ ಒಂದ ಜಾಗಾ ಹಿಡಿಯಾಕ ಆಗತೈತಿ. ಉಳಿದದ್ದು ಆಮ್ಯಾಲ. ಆ ಒಂದು ಯಾವುದು ಅನ್ನೂದನ್ನ ನೀವು ಹೇಳ್ರಿ."

ನನ್ನ ಜೊತೆಗೆ ಇನ್ನೊಬ್ಬರನ್ನು ಹಾಕಿದರು. ಸಂಕೇಶ್ವರದವರು, ಬ್ಯಾಂಕಿನಿಂದ ನಿವೃತ್ತರಾದವರು. ನೌಕರಿ ಮುಗಿದ ಮೇಲೆ ದೊಡ್ಡ ಕ್ಯಾಮೆರಾ ಕೊಂಡು ಹಕ್ಕಿಗಳ ಬೆನ್ನು ಹತ್ತಿದ್ದರು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಅವರಿಗೆ ಕಾರಿತ್ತು, ಬಿಡುವಿತ್ತು, ಡಬ್ಬಿಯಲ್ಲಿ ಯಾವಾಗಲೂ ಅವರ ಮನೆಯವರು ಮಾಡಿಕೊಟ್ಟ ಶೇಂಗಾ ಹೋಳಿಗೆ ಇರುತ್ತಿತ್ತು. ನನಗೆ ರವಿವಾರ ಮಾತ್ರ ಬಿಡುವು. ಆ ಚಳಿಗಾಲದ ರವಿವಾರಗಳೆಲ್ಲ ಹಾಗೆ ಕಳೆದವು.

ಸರ್ ಅವರ ಮನಸ್ಸಿನಲ್ಲಿ ಉತ್ತರ ಮೊದಲೇ ಇತ್ತು. ಹಿಡಕಲ್ ಡ್ಯಾಮಿನ ಹಿನ್ನೀರು. ಜನವರಿಯಲ್ಲಿ ಅವರು ನನ್ನನ್ನು ಅಲ್ಲಿಗೆ ಕರೆದೊಯ್ದಾಗ ಅವರ ಮಾತು ಸುಳ್ಳೆನ್ನಲು ನನಗೇ ಆಗಲಿಲ್ಲ. ನೀರು ಇಳಿದು ಬಿಟ್ಟುಹೋದ ಹಸಿರಿನ ಮೇಲೆ ಪಟ್ಟೆತಲೆ ಹೆಬ್ಬಾತುಗಳು ದನಗಳಂತೆ ಮೇಯುತ್ತಿದ್ದವು. ಒಂದು ನಾಯಿ ಅಡ್ಡ ಬಂದದ್ದೇ ತಡ, ಇಡೀ ಹಿಂಡು ಎದ್ದು ಸದ್ದು ಮಾಡುತ್ತ ನೀರಿನ ಮೇಲೆ ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಇಳಿಯಿತು. ನಾನು ಹುಕ್ಕೇರಿಯಲ್ಲಿ ಬೆಳೆದವಳು. ಚಿಕ್ಕವಳಿದ್ದಾಗ ಡ್ಯಾಮು ನೋಡಲು ಹೋಗಿ ಗೇಟಿನ ನೀರು ನೋಡಿ ಭಜಿ ತಿಂದು ಬರುತ್ತಿದ್ದೆವು. ಹಿಂದಿನ ಭಾಗಕ್ಕೆ ಯಾರೂ ಕರೆದುಕೊಂಡು ಹೋಗಿರಲಿಲ್ಲ.

"ಇನ್ನೇನು ವಿಚಾರ ಮಾಡ್ತೀರಿ?" ಸರ್ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಕೇಳಿದರು. "ಇಷ್ಟು ಹಕ್ಕಿ ನಿಮಗ ಮತ್ತೆಲ್ಲಿ ಸಿಗತಾವ? ಇದನ್ನ ಬರದು ಕೊಟ್ಟು ಮನಿಗೆ ಹೋಗೂಣು."

"ಉಳಿದದ್ದೂ ನೋಡೂಣು ಸರ್. ನೋಡದ ಹೆಂಗ ಹೇಳೂದು?"

"ನೋಡ್ರಿ, ನೋಡ್ರಿ. ಬ್ಯಾಡ ಅನ್ನೂದಿಲ್ಲ. ಖರೆ ಕಡೀಕ ಇಲ್ಲೇ ಬರ್ತೀರಿ."

ಧೂಪದಾಳದ ಒಡ್ಡಿನ ನೀರು ನೋಡಿದೆವು. ಗೋಕಾಕ ಫಾಲ್ಸ್‌ನ ಬಂಡೆಗೋಡೆಗಳನ್ನು ದುರ್ಬೀನಿನಲ್ಲಿ ಸಾಲುಸಾಲಾಗಿ ಹುಡುಕಿದೆವು. ನಮ್ಮ ಮಾವನವರ ಸವಳು ಹೊಲವನ್ನೂ ಸರ್‌ಗೆ ತೋರಿಸಿದೆ. ಅಲ್ಲಿ ಅವರಿಗೆ ಮೆಟ್ಟುಗಾಲಿನ ಒಳ್ಳೆಯ ಫೋಟೋ ಸಿಕ್ಕಿತು. ಮಾವನವರು ಬದುವಿನ ಮೇಲೆ ನಿಂತು ಇಬ್ಬರನ್ನೂ ನೋಡುತ್ತಿದ್ದರು. ಅವರದು ಕಡಿಮೆ ಮಾತು. ಕಬ್ಬಿನಲ್ಲಿ ಊರಿಗೇ ಹೆಸರಾದ ರೈತ, ಆದರೆ ಈ ತಗ್ಗು ಒಂದು ಅವರ ಕೈಗೆ ಸಿಕ್ಕಿರಲಿಲ್ಲ. ತಮ್ಮ ಸೋಲನ್ನು ಇಬ್ಬರು ಬಗ್ಗಿ ಬಗ್ಗಿ ನೋಡಿ ಸಂತೋಷಪಡುವುದು ಅವರಿಗೆ ಹೇಗೆನಿಸಿತೋ. "ಛಲೋ ಬಂತ್ರಿ ಫೋಟೋ?" ಎಂದು ಕೇಳಿ, ಸರ್ ತೋರಿಸಿದ್ದನ್ನು ನೋಡಿ, ಚಹಾಕ್ಕೆ ಕರೆದರು.

ಕೌಜಲಗಿ ಕಡೆಯ ಹುಲ್ಲುಗಾವಲು ನಮ್ಮ ಓಡಾಟದಲ್ಲಿ ಇರಲೇ ಇಲ್ಲ. ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶಕ್ಕೆ ನಾನೂ ನನ್ನ ಗಂಡನೂ ಆ ಕಡೆ ಹೋಗಿದ್ದೆವು. ಊಟ ಮುಗಿಸಿ, ಮಾತು ಮುಗಿಸಿ ಹೊರಟಾಗ ಸಂಜೆಯಾಗಿತ್ತು. ಊರು ದಾಟಿ ಸ್ವಲ್ಪ ದೂರಕ್ಕೆ ರಸ್ತೆಯ ಒಂದು ಬದಿ ಹೊಲಗಳು ನಿಂತುಹೋಗಿ, ಕಲ್ಲು ಮಿಶ್ರಿತ ಕೆಂಪು ನೆಲ, ಒಣಗಿ ಹೊನ್ನಿನ ಬಣ್ಣಕ್ಕೆ ಬಂದ ಹುಲ್ಲು. ಆ ಹುಲ್ಲಿನ ಮೇಲೆ ಬಹಳ ಕೆಳಗೆ, ಗಿಡುಗದಷ್ಟು ದೊಡ್ಡ ಹಕ್ಕಿಯೊಂದು ರೆಕ್ಕೆಗಳನ್ನು ತುಸು ಮೇಲಕ್ಕೆ ಹಿಡಿದು ತೇಲುತ್ತ ಹೋಯಿತು. ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಗಿಡುಗದ ಜಾತಿಯ ಸೆಳೆವ. ನಾನು ಗಂಡನಿಗೆ ಗಾಡಿ ನಿಲ್ಲಿಸಲು ಹೇಳಿದೆ.

ಸೆಳೆವಗಳು ಚಳಿಗಾಲಕ್ಕೆ ದೂರದ ಉತ್ತರದ ದೇಶಗಳಿಂದ ಬರುತ್ತವೆ. ಇವು ರಾತ್ರಿ ಮರದ ಮೇಲೆ ಕೂರುವುದಿಲ್ಲ. ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ. ಅದೂ ಬಯಲು ಬೇಕು, ನಾಲ್ಕೂ ಕಡೆ ಕಾಣಬೇಕು. ಇದೆಲ್ಲ ನಾನು ಪಾಠದಲ್ಲಿ ಹೇಳುತ್ತಿದ್ದೆ, ಕಣ್ಣಿನಿಂದ ಕಂಡಿರಲಿಲ್ಲ. ಆ ಸಂಜೆ ಒಂದರ ಹಿಂದೆ ಒಂದು ಬಂದವು. ಮೂಡಲಿನಿಂದ ಒಂದು, ಕಾಲುವೆ ಕಡೆಯಿಂದ ಎರಡು, ಬೂದು ಬಣ್ಣದ ಗಂಡು, ಕಂದು ಹೆಣ್ಣುಗಳು. ಬಂದು ಹುಲ್ಲಿನ ಮೇಲೆ ಸುತ್ತುಹಾಕಿ, ಇಳಿದು, ಮತ್ತೆ ಎದ್ದು, ಕೊನೆಗೆ ಒಂದೊಂದೇ ಹುಲ್ಲಿನೊಳಗೆ ಇಳಿದು ಕಾಣದಾದವು. ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿತು. ನನ್ನ ಗಂಡನಿಗೆ ಹಕ್ಕಿಗಳ ಗೊಡವೆ ಇಲ್ಲ. ಅವರೂ ಬಾಗಿಲು ತೆಗೆದು ಹೊರಗೆ ನಿಂತಿದ್ದರು.

ಮುಂದಿನ ರವಿವಾರ ನಾನೊಬ್ಬಳೇ ಸ್ಕೂಟರ್ ತೆಗೆದುಕೊಂಡು ಹಗಲಿನಲ್ಲಿ ಹೋದೆ. ಹುಲ್ಲಿನ ಅಂಚಿನಲ್ಲಿ ನಡೆಯುತ್ತ, ಮೊಬೈಲಿನಲ್ಲಿ ಜಾಗದ ಗುರುತು ಹಾಕಿಕೊಳ್ಳುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಜಾಗಾ ಯಾಕ ಅಳಿಯಾಕತ್ತೀರಿ?"

ತಿರುಗಿ ನೋಡಿದರೆ ನನಗಿಂತ ಸ್ವಲ್ಪ ಹಿರಿಯ ಹೆಂಗಸು. ತಲೆಯ ಮೇಲೆ ಸೆರಗು, ಕೈಯಲ್ಲಿ ಉದ್ದನೆಯ ಕೋಲು, ಹಿಂದೆ ಕೆಲವು ಕುರಿಗಳು. ಅವರ ಮನೆತನ ಕುರಿಯವರದು. ಮಳೆಗಾಲ ಕಳೆದ ಮೇಲೆ ಮನೆಯ ಗಂಡಸರು ದೊಡ್ಡ ಹಿಂಡನ್ನು ಪಡುವಣಕ್ಕೆ ಹೊಡೆದುಕೊಂಡು ಹೋಗುತ್ತಾರೆ. ಇವರು ಮನೆ, ಜೋಳದ ಹೊಲ, ಉಳಿದ ನಾಲ್ಕಾರು ಕುರಿ ನೋಡಿಕೊಂಡು ಊರಲ್ಲಿ ಇರುತ್ತಾರೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ಕಂಡದ್ದು ಅವರ ಸಿಟ್ಟು ಮಾತ್ರ.

"ಅಳಿಯಾಕಲ್ರಿ ಅಕ್ಕಾರ. ಹಕ್ಕಿ ನೋಡಾಕ ಬಂದೇನಿ."

"ಹಿಂದ ಬಂದಾವ್ರೂ ಹಂಗ ಅಂದ್ರು. ಮಣ್ಣು ನೋಡಾಕ ಬಂದೇವಿ ಅಂದ್ರು. ಆಮ್ಯಾಲ ನೋಡಿದ್ರ, ಬರೂ ಮಳಿಗಾಲಕ್ಕ ಇಲ್ಲಿ ಗಿಡಾ ಹಚ್ಚತಾರಂತ. ತಂತಿ ಬೇಲಿ ಹಾಕತಾರಂತ. ನಮ್ಮ ಕುರಿ ಎಲ್ಲಿ ಹೋಗಬೇಕ್ರಿ?"

ಗಿಡ ನೆಡುವ ವಿಷಯ ನನಗೆ ಗೊತ್ತಿರಲಿಲ್ಲ. ವಿಚಾರಿಸಿದಾಗ ಮಾತು ಖರೆಯಾಗಿತ್ತು. ಖಾಲಿ ಬಿದ್ದ ಜಾಗ ಹಸಿರಾಗಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಯೋಜನೆ ಹಾಕಿದ್ದರು. ಇಡೀ ಬಯಲಿಗೆ ಸಾಲುಸಾಲು ಗುಂಡಿ ತೋಡಿ ಸಸಿ ಇಡುವುದು. ಸಸಿ ಬೆಳೆದರೆ ನೆರಳಾಗುತ್ತದೆ, ಗುಬ್ಬಿ ಕಾಗೆ ಕೂರುತ್ತವೆ. ಸೆಳೆವ ಮಾತ್ರ ಬರುವುದಿಲ್ಲ.

ಇದನ್ನು ನಾನು ಸರ್‌ಗೆ ಹೇಳಿ, ಒಂದು ಸಂಜೆ ಕರೆದೊಯ್ದೆ. ಅವರು ಕ್ಯಾಮೆರಾ ಹೂಡಿ ಕುಳಿತರು. ಹಕ್ಕಿಗಳು ಬಂದದ್ದು ಬೆಳಕು ಇಳಿದ ಮೇಲೆ. ಫೋಟೋಗಳೆಲ್ಲ ಮಬ್ಬಾದವು.

"ಹಕ್ಕಿ ಖರೆ ಅದಾವ," ಎಂದು ಒಪ್ಪಿದರು. "ಆದ್ರ ಹಿಡಕಲ್ ಮುಂದ ಇದೆಷ್ಟು ಹೇಳ್ರಿ? ಅಲ್ಲಿ ಆಕಾಶ ತುಂಬ್ತಾವ. ಇಲ್ಲಿ ನಾಕು ಗಿಡುಗ ನೋಡಾಕ ಸೂರ್ಯಾ ಮುಳುಗೂತನಾ ಕೂಡಬೇಕು."

ಎಣಿಕೆಯಲ್ಲಿ ಅವರೇ ಗೆಲ್ಲುತ್ತಿದ್ದರು. ಬರೀ ಎಣಿಕೆಯಿಂದಲೇ ಹೋದರೆ ನಮ್ಮ ಸವಳು ಹೊಲವೂ ಈ ಹುಲ್ಲುಗಾವಲಿಗಿಂತ ಮುಂದೆ ಇತ್ತು. ನಾನು ಒಳಗೊಳಗೇ ಸವಳು ಹೊಲದ ಪರವಾಗಿಯೂ ಇದ್ದೆ. ನಾನು ಕಂಡುಹಿಡಿದ ಜಾಗ, ನನ್ನದೇ ಮನೆಯ ಜಾಗ ಅದು.

ಆ ಹೊತ್ತಿಗೇ ತುಕ್ಕಾನಟ್ಟಿಯಲ್ಲಿ ಬೇರೊಂದು ಸುದ್ದಿ ಬಂತು. ಸವಳು ಹೊಲಗಳ ನೀರು ಬಸಿಯಲು ನೆಲದೊಳಗೆ ತೂತಿನ ಪೈಪು ಹುಗಿಯುವ ಕೆಲಸ ನಮ್ಮ ಸಾಲಿನ ಹೊಲಗಳಿಗೆ ಮಂಜೂರಾಗಿತ್ತು. ಪೈಪು ಎಲ್ಲರ ಹೊಲ ದಾಟಿ ಹಳ್ಳಕ್ಕೆ ಸೇರಬೇಕು. ಹಾಗಾಗಿ ಸಾಲಿನ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡವೆಂದರೂ ಕೆಲಸ ನಿಲ್ಲುತ್ತದೆ. ಎಲ್ಲರಿಗಿಂತ ತಗ್ಗಿನಲ್ಲಿದ್ದದ್ದು ನಮ್ಮ ಹೊಲ.

ಆ ವಾರ ಊರಿಗೆ ಹೋದಾಗ ಮಾವನವರು ಊಟದ ನಡುವೆ, ರೊಟ್ಟಿ ಮುರಿಯುತ್ತ ಕೇಳಿದರು. "ಏನವ್ವಾ, ಆ ಪೈಪಿನ ಕೆಲಸಕ್ಕ ನೀ ಏನಂತಿ?"

ಹೊಲದ ವಿಷಯಕ್ಕೆ ಅವರು ನನ್ನನ್ನು ಏನನ್ನೂ ಕೇಳಿದವರಲ್ಲ. ಅತ್ತೆಯವರು ಕೈಯಲ್ಲಿದ್ದ ಸಾರಿನ ಸೌಟನ್ನು ಹಾಗೇ ಹಿಡಿದು ನಿಂತರು.

"ನಾ ಏನನ್ನಲ್ರಿ ಮಾವಾರ? ಹೊಲ ನಿಮ್ದು."

"ನಂದು ಖರೆ. ಅಲ್ಲಿ ನೀ ಹಕ್ಕಿ ನೋಡ್ತಿ. ಸಾಹೇಬ್ರಿಗೆ ಬರದು ಕೊಡ್ತಿ ಅಂತ ಇಂವಾ ಹೇಳಿದಾ." ಮಗನ ಕಡೆ ಗಲ್ಲ ತಿರುವಿದರು. "ನಾ ಹೊಲಾ ಒಣಗಸೂದು, ನೀ ಅದನ್ನ ಕಾಯ್ರಿ ಅಂತ ಬರಿಯೂದು, ಊರಾಗ ನಗತಾರ. ಮೊದಲ ಒಂದು ಮಾತು ಆಗಲಿ. ಅದಿರಲಿ, ನಮ್ಮ ಹೊಲಾ ಒಣಗಿತಂದ್ರ ಇವು ಎಲ್ಲಿ ಹೊಕ್ಕಾವ?"

"ಧೂಪದಾಳಕ್ಕ ಹೋಗಬಹುದ್ರಿ. ಹಿಡಕಲ್ ಐತಿ. ಕೆರಿ ದಂಡಿ ಐತಿ. ಕಾಲುವಿ ಕಡೆ ಇಂಥಾ ತಗ್ಗು ಇನ್ನೂ ಎಷ್ಟೋ ಅದಾವ."

"ಹಂಗಾರ ಅವಕ್ಕ ಜಾಗಾ ಐತಿ ಅನ್ನು."

"ಐತ್ರಿ."

ಅವರು ಊಟ ಮುಂದುವರಿಸಿದರು. ಇದೇ ಪ್ರಶ್ನೆಯನ್ನು ನಾನು ಆ ಕೌಜಲಗಿ ಬಯಲಿನ ಬಗ್ಗೆ ಕೇಳಿಕೊಂಡಿರಲಿಲ್ಲ. ಆ ಹುಲ್ಲು ಹೋದರೆ ಸೆಳೆವ ಎಲ್ಲಿ ಮಲಗಬೇಕು? ಮೂರು ತಾಲ್ಲೂಕು ಮನಸ್ಸಿನಲ್ಲೇ ಸುತ್ತಿ ಬಂದೆ. ಕಾಲುವೆ ಬಂದಲ್ಲೆಲ್ಲ ಕಬ್ಬು. ಕಬ್ಬಿಲ್ಲದ ಕಡೆ ಸೈಟು, ಕಲ್ಲಿನ ಗಣಿ, ಜಾಲಿಯ ಪೊದೆ. ಅಷ್ಟು ಅಗಲದ ತೆರೆದ ಹುಲ್ಲು ನನಗೆ ಗೊತ್ತಿದ್ದಂತೆ ಇನ್ನೊಂದಿರಲಿಲ್ಲ. ಹಿನ್ನೀರಿನ ಹೆಬ್ಬಾತುಗಳು ಎಷ್ಟೇ ಇರಲಿ, ಆ ನೀರನ್ನು ನಾಳೆಯೇ ಯಾರೂ ಒಣಗಿಸುವವರಿರಲಿಲ್ಲ. ಈ ಹುಲ್ಲಿಗೆ ಮಳೆಗಾಲದವರೆಗೆ ಮಾತ್ರ ಸಮಯ.

ಊಟವಾದ ಮೇಲೆ ಮಾವನವರ ಬಳಿ ಹೋಗಿ, "ಪೈಪು ಹಾಕಸ್ರಿ ಮಾವಾರ," ಎಂದೆ. ಅವರು ತಲೆ ಆಡಿಸಿದರು. ಹೇಳುವಾಗ ಸುಲಭವಾಗಿ ಹೇಳಿದೆ. ಮರುದಿನ ಬೆಳಿಗ್ಗೆ ತಗ್ಗಿನ ಕಡೆ ಹೋದವಳು ಬಿಸಿಲೇರುವವರೆಗೂ ಅಲ್ಲೇ ನಿಂತೆ. ಮೆಟ್ಟುಗಾಲು ಹಕ್ಕಿಗಳು ಎಂದಿನಂತೆ ತಮ್ಮ ಪಾಡಿಗೆ ಕೆಸರಿನಲ್ಲಿ ಕೊಕ್ಕು ಹಾಕುತ್ತಿದ್ದವು.

ಕೆಲಸ ಶುರುವಾದದ್ದು ಬೇಸಿಗೆಯಲ್ಲಿ. ಅದೇ ಮೆಟ್ಟುಗಾಲುಗಳು ಮೊಟ್ಟೆ ಇಡುವ ಕಾಲ. ಕೆಸರಿನ ಸಣ್ಣ ದಿಬ್ಬಗಳ ಮೇಲೆ ಮೂರು ಗೂಡುಗಳಿದ್ದವು. ಮಾವನವರು ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿದರು. "ಮಶೀನ್ ಬಂದೈತಿ. ತತ್ತಿ ಅದಾವ. ಏನ ಮಾಡೂದು?" ನಾನು ರಜೆ ಹಾಕಿ ಹೋದೆ. ಮಶೀನಿನವನು ಸಾಲಿನ ಮೇಲಿನ ಹೊಲದಿಂದ ಶುರು ಮಾಡಲು ಒಪ್ಪಲಿಲ್ಲ. ನೀರು ಹೋಗುವ ಕಡೆಯಿಂದಲೇ ಮೊದಲು ಪೈಪು ಹಾಕಬೇಕು, ಇಲ್ಲದಿದ್ದರೆ ತೋಡಿದ್ದೆಲ್ಲ ನೀರು ತುಂಬಿ ಕುಸಿಯುತ್ತದೆ ಎಂದ. ಅವನ ಮಾತೂ ಸರಿಯಾಗಿತ್ತು. ಸಾಲಿನ ಉಳಿದವರು ಮಳೆಗೆ ಮುಂಚೆ ಕೆಲಸ ಮುಗಿಯಲಿ ಎಂದು ಅವಸರ ಮಾಡುತ್ತಿದ್ದರು.

ಮಾವನವರು ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದರು. ಆಮೇಲೆ ಬಂದು ಮಶೀನಿನವನಿಗೆ ಹೇಳಿದರು. "ದೊಡ್ಡ ಪೈಪ್ ನನ್ನ ಬದುವಿನ ಗುಂಟ ಒಯ್ಯಿ. ಹೊಲದ ಒಳಗ ಬರಬ್ಯಾಡ. ಬದುವಿನ ಮ್ಯಾಲಿನ ಗಿಡಾ ಹ್ವಾದ್ರ ಹೋಗಲಿ. ಮ್ಯಾಲಿನವರದು ಮೊದಲ ಮುಗಿಸು. ನಂದು ಎಲ್ಲಾರದೂ ಆದಮ್ಯಾಲ."

ಬದುವಿನ ಮೇಲಿದ್ದದ್ದು ಅವರೇ ಹಚ್ಚಿದ ತೆಂಗು. ಕಾಯಿ ಬಿಡುತ್ತಿದ್ದ ಎರಡು ಮರಗಳು ಹೋದವು. ನಾನು ಬೇಡಿಕೊಂಡಿರಲಿಲ್ಲ, ಅವರೂ ಅದರ ಬಗ್ಗೆ ಮುಂದೆಂದೂ ಮಾತೆತ್ತಲಿಲ್ಲ. ಅತ್ತೆಯವರು ಮಾತ್ರ ಕಾಯಿ ಕೊಂಡು ತರುವಾಗಲೆಲ್ಲ ಗೊಣಗುತ್ತಿದ್ದರು. ಒಂದು ಗೂಡನ್ನು ನಾಯಿ ಹಾಳು ಮಾಡಿತು. ಉಳಿದ ಎರಡರಲ್ಲಿ ಮರಿಗಳಾದವು. ಮೆಟ್ಟುಗಾಲಿನ ಮರಿಗಳು ಮೊಟ್ಟೆಯಿಂದ ಹೊರಬಂದ ದಿನವೇ ಓಡಾಡುತ್ತವೆ. ಅವು ದೊಡ್ಡವುಗಳ ಹಿಂದೆ ಹಳ್ಳದ ಕಡೆ ಸರಿದುಹೋದ ಮೇಲೆ ಮಶೀನು ನಮ್ಮ ಹೊಲಕ್ಕೆ ಇಳಿಯಿತು. ಮರುವರ್ಷ ಅಲ್ಲಿ ಗೋಧಿ ಬಂತು. ಮೊದಲ ಬೆಳೆ, ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ಮಾವನವರು ಒಂದು ಚೀಲ ಗೋಕಾಕದ ನಮ್ಮ ಮನೆಗೆ ತಾವೇ ತಂದು ಇಳಿಸಿದರು.

ಇತ್ತ ಹುಲ್ಲುಗಾವಲಿನ ವಿಷಯ ಬಗೆಹರಿದಿರಲಿಲ್ಲ. ಕೊನೆಯ ಸಭೆ ಮಳೆಗೆ ಮುಂಚೆ ಎಂದು ಗೊತ್ತಾಗಿತ್ತು. ಸರ್ ನನ್ನ ವಾದವನ್ನು ಅರ್ಧ ಒಪ್ಪಿದ್ದರು. "ಆತು, ಹಿಡಕಲ್ ಇನ್ನೊಂದು ವರ್ಷ ಕಾಯ್ತೈತಿ. ಈ ಹುಲ್ಲು ಮೊದಲ ಅಂತ ಬರಿಯೂಣು. ಆದ್ರ ಕಾಯೂದು ಅಂದ್ರ ಪೂರಾ ಕಾಯಬೇಕು. ಕುರಿ ಬಂದ್ ಆಗಬೇಕು."

"ಕುರಿ ಬಂದ್ ಮಾಡಿದ್ರ ಅಲ್ಲಿ ಹುಲ್ಲ ಉಳಿಯೂದಿಲ್ರಿ ಸರ್. ಜಾಲಿ ಬೆಳೀತೈತಿ. ಇಷ್ಟು ವರ್ಷ ಕುರಿ ಮೇಯ್ದಾವ, ಆ ಮಂದಿ ಜಾಲಿ ಕಡದು ಉರುವಲಾ ಮಾಡ್ಯಾರ. ಅದಕ್ಕ ಬಯಲಾಗಿ ಉಳದೈತಿ."

"ಅರೆ, ಕುರಿ ತುಳದ್ರ ಹಕ್ಕಿ ಹೆಂಗ ಮಲಗಬೇಕು?"

"ಹಕ್ಕಿ ಬರೂದು ದೀಪಾವಳಿ ಆದಮ್ಯಾಲ. ಆವಾಗ ದೊಡ್ಡ ಹಿಂಡು ಊರಾಗ ಇರೂದ ಇಲ್ಲ."

ಅವರು ಕೇಳಲಿಲ್ಲ. ಬೇಲಿ ಇಲ್ಲದ ರಕ್ಷಣೆ ರಕ್ಷಣೆಯಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಮಾತು ಬೆಳೆದು, ನಾನು ಕುರಿಯವರ ವಕಾಲತ್ತು ವಹಿಸಿದ್ದೇನೆ ಎಂದು ಅವರು ಅಂದರು; ನಿಮಗೆ ಫೋಟೋದಲ್ಲಿ ಕುರಿ ಬರುವುದು ಬೇಡ ಅಷ್ಟೇ ಎಂದು ನಾನೂ ಅಂದೆ. ಎರಡು ಮೂರು ವಾರ ಇಬ್ಬರೂ ಫೋನ್ ಮಾಡಲಿಲ್ಲ.

ಆ ಕುರಿಯವರ ಹೆಂಗಸಿನ ಮನೆಗೆ ನಾನು ಹೋದದ್ದು ಆ ದಿನಗಳಲ್ಲೇ. ಪಡುವಣಕ್ಕೆ ಹೋಗಿದ್ದ ಹಿಂಡು ಮರಳಿ ಬರುವ ಕಾಲ. ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದರು, ಮಜ್ಜಿಗೆ ಕೊಟ್ಟರು. ನಾನು ಎಲ್ಲವನ್ನೂ ಬಿಚ್ಚಿ ಹೇಳಿದೆ. ಈ ಜಾಗ ಹಕ್ಕಿಗಳಿಗೆ ಮುಖ್ಯ ಎಂದು ಬರೆದರೆ ಗಿಡ ನೆಡುವುದು ನಿಲ್ಲಬಹುದು. ನಿಮ್ಮ ಹುಲ್ಲೂ ಉಳಿಯುತ್ತದೆ.

ಅವರು ನಕ್ಕರು. "ಗಿಡಾ ಹಚ್ಚೂ ಮಂದಿ ಹ್ವಾದ್ರು, ಹಕ್ಕಿ ಮಂದಿ ಬಂದ್ರು. ನಮಗೇನು ಫರಕ್ ಬಾಯಾರ? ಇವತ್ತು ಹಕ್ಕಿ ಜಾಗಾ ಅಂತೀರಿ. ನಾಳೆ ಕುರಿ ಬಂದ್ರ ಹಕ್ಕಿ ಹೆದರತಾವ ಅಂತೀರಿ."

ಸರ್ ಅಂದದ್ದು ಅದೇ ಮಾತು. ನನ್ನ ಮುಖ ನೋಡಿ ಆ ಹೆಂಗಸಿಗೆ ತಿಳಿಯಿತೇನೋ.

"ಯಾರರೆ ಹಂಗ ಅಂದಾರಲ್ಲ?"

"ಅಂದಾರ್ರಿ."

"ಹಂಗಾರ ಒಂದ ಮಾಡ್ರಿ. ಕುರಿ ಮೇಯೂದು ನಿಲ್ಲಂಗಿಲ್ಲ ಅಂತ ಮೊದಲ ಬರೀರಿ. ಹಕ್ಕಿ ವಿಚಾರ ಅದರ ಕೆಳಗ ಬರೀರಿ. ಅಂದ್ರ ನಾ ನಿಮ್ಮ ಬಾಜೂ. ಇಲ್ಲಂದ್ರ ಇಲ್ಲ."

"ಸಭಾಕ್ಕ ಬಂದು ಇದನ್ನ ನೀವ ಹೇಳ್ತೀರೇನ್ರಿ ಅಕ್ಕಾರ?"

"ಯಾಕ ಹೇಳಬಾರದು? ನಾ ಏನ್ ಕದಿಯಾಕ ಹೊಂಟೇನೇನು?"

ಸಭೆಯ ದಿನ ಅವರು ತಮ್ಮ ಮೈದುನನನ್ನು ಕರೆದುಕೊಂಡು ಬಸ್ಸಿನಲ್ಲಿ ಗೋಕಾಕಕ್ಕೆ ಬಂದರು. ಸರ್ ಮೊದಲೇ ಬಂದು ಕುಳಿತಿದ್ದರು. ನನಗೆ ತಲೆ ಬಾಗಿ ನಮಸ್ಕಾರ ಹೇಳಿದರು, ಅಷ್ಟೇ. ನಾನು ನಕ್ಷೆ ತೋರಿಸಿ, ಹಿನ್ನೀರು, ಒಡ್ಡು, ಬಂಡೆಗೋಡೆ ಎಲ್ಲ ಹೇಳಿ, ಯಾವ ಜಾಗ ಹೋದರೆ ಹಕ್ಕಿಗೆ ಬೇರೆ ಜಾಗವಿಲ್ಲವೋ ಆ ಜಾಗವನ್ನು ಮೊದಲು ಹಿಡಿಯಬೇಕು, ಅದು ಈ ಹುಲ್ಲುಗಾವಲು ಎಂದೆ. ಅಧಿಕಾರಿ ಕೇಳಿಸಿಕೊಂಡರು. ಮೇವಿನ ವಿಷಯ ಬಂದಾಗ ಪೆನ್ನು ಕೆಳಗಿಟ್ಟರು.

"ಮೇಯ್ಸೂದು ಎಂದೂ ನಿಲ್ಲಸಂಗಿಲ್ಲ ಅಂತ ನಾ ಹೆಂಗ ಮಾತು ಕೊಡ್ಲಿ? ನಾಳೆ ಬ್ಯಾರೇದವ್ರು ನನ್ನ ಕುರ್ಚಿಗೆ ಬರ್ತಾರ."

ಆ ಹೆಂಗಸು ಎದ್ದು ನಿಂತರು. "ಮಾತು ಕೊಡಾಕ ಆಗದಿದ್ರ ಬ್ಯಾಡ್ರಿ ಸಾಹೇಬ್ರ. ಗಿಡಾನೂ ಬ್ಯಾಡ, ಹಕ್ಕಿನೂ ಬ್ಯಾಡ. ಇದ್ದಂಗ ಇರಲಿ ಬಿಡ್ರಿ."

ನನ್ನ ಒಂದು ವರ್ಷದ ಓಡಾಟ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಸರ್ ಗಂಟಲು ಸರಿಮಾಡಿಕೊಂಡರು.

"ನನಗ ಈ ಕುರಿ ವಿಚಾರ ಒಪ್ಪಿಗಿ ಇಲ್ಲ," ಎಂದರು. "ಮೇಡಂಗೂ ಗೊತ್ತೈತಿ. ಆದ್ರ ಇದ್ದಂಗ ಇರಲಿ ಅನ್ನೂದೂ ಒಂದು ದಾರಿ ಐತಿ ನೋಡ್ರಿ ಸಾಹೇಬ್ರ. ಎಂದೂ ಅನ್ನೂದು ಬ್ಯಾಡ. ಸದ್ಯಕ್ಕ ಹೆಂಗ ನಡದೈತಿ ಹಂಗ ಮೇವು ನಡೀಲಿ, ಚಳಿಗಾಲದಾಗ ನಡುವಿನ ಹುಲ್ಲು ಬಿಡಲಿ ಅಂತ ಬರೀರಿ. ಏನರೆ ಬದಲು ಮಾಡೂದಿದ್ರ ಊರವರನ್ನ ಕೂಡಿಸಿ ಕೇಳಿ ಮಾಡ್ರಿ. ಬ್ಯಾಂಕಿನ್ಯಾಗ ನಾವು ಎಲ್ಲಾ ಹಂಗ ಬರೀತಿದ್ವಿ."

ಅಧಿಕಾರಿ ನಕ್ಕುಬಿಟ್ಟರು. ಹೆಂಗಸು ಮೈದುನನ ಕಡೆ ನೋಡಿದರು, ಇಬ್ಬರೂ ಗುಸುಗುಸು ಮಾತಾಡಿಕೊಂಡರು. "ಊರವರನ್ನ ಕೇಳಿ ಅಂತ ಬರದ್ರ ಆತು," ಎಂದು ಕುಳಿತರು. ಹೊರಗೆ ಬಂದ ಮೇಲೆ ಸರ್ ತಮ್ಮ ಡಬ್ಬಿ ತೆಗೆದು ಮೂವರಿಗೂ ಹೋಳಿಗೆ ಕೊಟ್ಟರು. ನಾನು ಥ್ಯಾಂಕ್ಸ್ ಎಂದೆ. "ನಾ ಇನ್ನೂ ಕುರಿ ಬ್ಯಾಡ ಅಂತೇನಿ," ಎಂದರು.

ಎಲ್ಲವೂ ನಾವು ಬಯಸಿದಂತೆ ಆಗಲಿಲ್ಲ. ತಂದಿಟ್ಟಿದ್ದ ಸಸಿಗಳನ್ನು ಎಲ್ಲಾದರೂ ಇಡಲೇಬೇಕಿತ್ತು. ರಸ್ತೆಯ ಬದಿಯ ಒಂದು ಪಟ್ಟಿಯಲ್ಲಿ ಗುಂಡಿ ತೋಡಿ ನೆಟ್ಟರು. ಅವುಗಳಲ್ಲಿ ಕೆಲವು ಬದುಕಿವೆ. ಒಳಗಿನ ಬಯಲು ಉಳಿಯಿತು. ಆ ವರ್ಷ ದೀಪಾವಳಿ ಕಳೆದ ಮೇಲೆ ನಾನು ದಿನವೂ ಆ ಕಡೆಯದೇ ಯೋಚನೆಯಲ್ಲಿದ್ದೆ. ಮೊದಲ ರವಿವಾರ ಒಂದೂ ಬರಲಿಲ್ಲ. ಮುಂದಿನ ವಾರ ಹೋದಾಗ ಬೂದು ಗಂಡೊಂದು ಹುಲ್ಲಿನ ಮೇಲೆ ತೇಲುತ್ತಿತ್ತು. ಡಿಸೆಂಬರ್ ಹೊತ್ತಿಗೆ ಹಿಂದಿನ ವರ್ಷದಷ್ಟೇ ಬಂದಿದ್ದವು ಎಂದು ನನಗನ್ನಿಸಿತು. ಈ ಸಲವೂ ಎಣಿಕೆ ಸರಿಯಾಗಿ ಹತ್ತಲಿಲ್ಲ.

ನಾವು ಎಣಿಸದೇ ಇದ್ದ ತೊಂದರೆ ಬೇರೆ ಬಂತು. ಜಾಗಕ್ಕೆ ಹೆಸರಾಗಿತ್ತು. ಬೆಳಗಾವಿ, ಕೊಲ್ಹಾಪುರದ ಕಡೆಯಿಂದ ಕ್ಯಾಮೆರಾದವರು ಕಾರಿನಲ್ಲಿ ಬರತೊಡಗಿದರು. ಹಕ್ಕಿ ಇಳಿಯುವ ಹೊತ್ತಿಗೆ ಸರಿಯಾಗಿ ಗಾಡಿಯನ್ನು ಹುಲ್ಲಿನೊಳಗೇ ಓಡಿಸಿ, ಹಕ್ಕಿಗಳನ್ನು ಎಬ್ಬಿಸಿ ಫೋಟೋ ತೆಗೆಯುವುದು. ಒಂದು ಸಂಜೆ ಹೀಗೆ ಎದ್ದ ಹಕ್ಕಿಗಳು ಕತ್ತಲಾದರೂ ಇಳಿಯದೆ ಸುತ್ತುತ್ತಲೇ ಇದ್ದವು. ನಾನು ಕಾರಿನವರ ಬಳಿ ಹೋಗಿ ಕೈಮುಗಿದು ಹೇಳಿದೆ. ಅವರು ಗಾಜು ಏರಿಸಿಕೊಂಡರು.

ಮರುದಿನ ಆ ಹೆಂಗಸಿಗೆ ಫೋನ್ ಮಾಡಿ ಹೀಗಾಯಿತು ಎಂದೆ. ಅವರಿಗೂ ಸಿಟ್ಟಿತ್ತು. ಗಾಡಿಯ ಸದ್ದಿಗೆ ಅವರ ಒಂದು ಕುರಿ ಬೆದರಿ ಓಡಿ ಕಾಲು ಮುರಿದುಕೊಂಡಿತ್ತು. "ನೀವು ರವಿವಾರ ಬರ್ರಿ," ಎಂದರು. ಹೋದಾಗ ಅವರೂ ಸೊಸೆಯೂ ಜಾಲಿ ಕಡಿದು ರಾಶಿ ಹಾಕಿದ್ದರು. ಬಂಡಿದಾರಿ ಬಯಲಿಗೆ ಇಳಿಯುವ ಕಡೆ ಆ ಮುಳ್ಳನ್ನು ಅಡ್ಡ ಎಳೆದು ಹಾಕಿದೆವು. ನನ್ನ ಕೈಯೆಲ್ಲ ಗೀರಿತು. ಕಾಲ್ದಾರಿಯಷ್ಟು ಸಂದಿ ಬಿಟ್ಟೆವು.

ನಾವು ಕೆಲಸ ಮುಗಿಸಿ ಬೇವಿನ ಬುಡದಲ್ಲಿ ಕುಳಿತಿದ್ದಾಗ ಸರ್ ಅವರ ಕಾರು ಬಂತು. ಮುಳ್ಳಿನ ಮುಂದೆ ನಿಂತಿತು. ಹಾರ್ನ್ ಹೊಡೆದರು.

"ಇಳದು ನಡಕೋತ ಬರಾಕ ಹೇಳ್ರಿ ಅವ್ರಿಗೆ," ಎಂದರು ಹೆಂಗಸು, ಎಲೆಗೆ ಸುಣ್ಣ ಹಚ್ಚುತ್ತ.

"ಅವ್ರು ನಮ್ಮವರ್ರಿ ಅಕ್ಕಾರ."

"ನಮ್ಮವರಾದ್ರ ಕಾಲಿಲ್ಲೇನು?"

ಸರ್ ಕಾರಿನಿಂದಿಳಿದು ಮುಳ್ಳನ್ನು ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ಕ್ಯಾಮೆರಾ ಹೆಗಲಿಗೇರಿಸಿ, ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದುಕೊಂಡು ಆ ಸಂದಿಯಲ್ಲಿ ಹುಷಾರಾಗಿ ಕಾಲಿಡುತ್ತ ನಮ್ಮ ಕಡೆ ಬಂದರು.